ಎತ್ತರಕ್ಕೆ ಒಗ್ಗುವ ಬಗೆ

ಹೊಸ ಊರಿಗೆ ಹೋದವನಿಗೆ ನೆಗಡಿಯೋ ಹೊಟ್ಟೆನೋವೋ ಬಂದರೆ, "ಆ ಊರಿನ ನೀರು ಅವನಿಗೆ ಒಗ್ಗಲಿಲ್ಲ" ಎಂದು ನಾವು ಹೇಳುವುದುಂಟು. ಹಟ್ಟಿಗೆ ತಂದ ಹೊಸ ಹಸು ನಾಲ್ಕು ದಿನ ಮೇವು ಬಿಟ್ಟರೂ ಇದೇ ಮಾತು. ಒಗ್ಗು ಎಂಬುದು ಅಚ್ಚಗನ್ನಡದ ಪದ. ಪಳಗು, ಹೊಂದಿಕೊಳ್ಳು, ಸೇರಿಹೋಗು ಎಂಬ ಅರ್ಥಗಳೆಲ್ಲವೂ ಈ ಎರಡಕ್ಷರದಲ್ಲಿ ಅಡಗಿವೆ. ಎತ್ತರದ ಪರ್ವತಗಳಿಗೆ ನಡೆದು ಹೋಗುವವರು ತಮ್ಮ ದೇಹವನ್ನು ಹೇಗೆ ಅಣಿಗೊಳಿಸಬೇಕು ಎಂಬ ವಿಷಯವಾಗಿ ನಾಲ್ಕು ಮಾತು ಹೇಳಹೊರಟಿರುವ ನನಗೆ ಇದಕ್ಕಿಂತ ತಕ್ಕ ಪದ ದೊರೆಯಲಿಲ್ಲ. ದೇಹಕ್ಕೆ ಬಲ ಬರುವುದು ಬೇರೆ, ದೇಹ ಒಗ್ಗುವುದು ಬೇರೆ. ಇವೆರಡೂ ಒಂದೇ ಎಂದು ತಿಳಿದುಕೊಂಡಿದ್ದ ನಾನು ಒಮ್ಮೆ ನನ್ನ ಅಕ್ಕನ ಗಂಡನ ಪ್ರಾಣಕ್ಕೇ ಸಂಚಕಾರ ತರುವುದರಲ್ಲಿದ್ದೆ.

ನಮ್ಮೂರು ಬೆಳ್ತಂಗಡಿ ತಾಲೂಕಿನ ಕೊಕ್ಕಡ. ವೈದ್ಯನಾಥೇಶ್ವರನ ಕ್ಷೇತ್ರವೆಂದೂ, ಬಯಲಿನಲ್ಲಿ ಕುಳಿತ ಸೌತಡ್ಕದ ಮಹಾಗಣಪತಿಗೆ ಹತ್ತಿರದ ಊರೆಂದೂ ಅನೇಕರಿಗೆ ಗೊತ್ತು. ಘಟ್ಟದ ಬುಡ. ಮಳೆ ಬಿಟ್ಟ ಬೆಳಗಿನಲ್ಲಿ ಅಂಗಳಕ್ಕೆ ಬಂದು ನಿಂತರೆ ಮೂಡಣ ದಿಕ್ಕಿನಲ್ಲಿ ಸಹ್ಯಾದ್ರಿಯ ಗೋಡೆ ಕಾಣುತ್ತದೆ. ಹೀಗೆ ಬೆಟ್ಟವನ್ನು ನೋಡುತ್ತ ಬೆಳೆದವರಿಗೆ ಬೆಟ್ಟದ ಭಯವಿಲ್ಲ. ಶಾಲೆಯ ಮಕ್ಕಳನ್ನು ಕರೆದುಕೊಂಡು ನಾನು ಎಷ್ಟೋ ಸಲ ಗಡಾಯಿಕಲ್ಲನ್ನು, ಅಂದರೆ ಟಿಪ್ಪುವಿನ ಕಾಲದ ಜಮಾಲಾಬಾದ್ ಕೋಟೆಯನ್ನು, ಏರಿದ್ದೇನೆ. ಕಲ್ಲಿನಲ್ಲಿ ಕಡಿದ ಸಾವಿರದ ಎಂಟುನೂರರಷ್ಟು ಮೆಟ್ಟಿಲುಗಳು. ಐವತ್ತು ದಾಟಿದ ಮೇಲೂ ಹುಡುಗರಿಗೆ ಸರಿಸಮನಾಗಿ ಹತ್ತಿದೆನೆಂಬ ಹಮ್ಮು ನನಗಿತ್ತು. ಪಾಠ ಹೇಳುವವನಿಗೆ ಹಮ್ಮು ಬಹುಬೇಗ ಬರುತ್ತದೆ.

2019 ರ ಮೇ ತಿಂಗಳ ರಜೆಯಲ್ಲಿ ನಾವು ಹನ್ನೊಂದು ಮಂದಿ ಕೇದಾರಕ್ಕೆ ಹೊರಟೆವು. ನಮ್ಮೊಳಗೆ ಎಲ್ಲರಿಗಿಂತ ಗಟ್ಟಿಗರು ನಮ್ಮ ಭಾವ. ಆಗ ಅವರಿಗೆ ಐವತ್ತಾರು ವರ್ಷ. ಕೊಳೆರೋಗಕ್ಕೆ ಮದ್ದು ಬಿಡಲು ಆಳು ಸಿಗದಿದ್ದರೆ ತಾವೇ ತಳೆ ಕಟ್ಟಿಕೊಂಡು ಅಡಿಕೆಮರ ಏರುವವರು. ಬೀಡಿಯಿಲ್ಲ, ಕುಡಿತವಿಲ್ಲ. ಹೊರಡುವಾಗ ಅಕ್ಕ ನನ್ನನ್ನು ಚಾವಡಿಯ ಮೂಲೆಗೆ ಕರೆದು, "ಅವರಿಗೆ ಎಲ್ಲದಕ್ಕೂ ಅವಸರ. ನೀನು ಸ್ವಲ್ಪ ನೋಡಿಕೊಳ್ಳಪ್ಪ" ಎಂದಳು. ನಾನು ನಕ್ಕೆ. ಅವರು ನನ್ನನ್ನು ನೋಡಿಕೊಳ್ಳಬೇಕೇ ಹೊರತು ನಾನು ಅವರನ್ನಲ್ಲ ಎಂದು ನನ್ನ ಎಣಿಕೆ.

ಗೌರೀಕುಂಡದಿಂದ ಕೇದಾರಕ್ಕೆ ಸುಮಾರು 16 ಕಿಲೋಮೀಟರ್ ದಾರಿ. 2013 ರ ಪ್ರವಾಹದಲ್ಲಿ ರಾಮ್‌ಬಾಡಾ ಎಂಬ ತಂಗುದಾಣ ಕೊಚ್ಚಿಹೋದ ಮೇಲೆ ದಾರಿ ಅಲ್ಲಿ ಮಂದಾಕಿನಿಯನ್ನು ದಾಟಿ ಆಚೆಯ ದಡದಿಂದ ಏರುತ್ತದೆ. ಹಿಂದಿನ ರಾತ್ರಿಯಷ್ಟೇ ಬಸ್ಸಿಳಿದಿದ್ದ ನಾವು ಬೆಳಿಗ್ಗೆ ಐದಕ್ಕೆ ನಡೆಯತೊಡಗಿದೆವು. ಭಾವ ಎಲ್ಲರಿಗಿಂತ ಮುಂದೆ. ತಿರುವುಗಳಲ್ಲಿ ನಿಂತು ನಮ್ಮನ್ನು ಕಾಯುವುದು, ನಾವು ಸೇರಿಕೊಳ್ಳುವಷ್ಟರಲ್ಲಿ ಮತ್ತೆ ಹೊರಟುಬಿಡುವುದು, ಹೀಗೇ ನಡೆಯಿತು. ಮಧ್ಯಾಹ್ನ ಮೂರಕ್ಕೆ ನಾವು ಮೇಲೆ ತಲುಪಿದಾಗ ಅವರು ಬಂದು ಒಂದು ಗಂಟೆ ಕಳೆದಿತ್ತು. ದರ್ಶನದ ಸಾಲು ಬಹಳ ಉದ್ದವಾಗಿದ್ದುದರಿಂದ, ಬೆಳಗಿನ ಜಾವ ಹೋಗೋಣವೆಂದು ನಿಶ್ಚಯಿಸಿ ವಸತಿಗೆ ಬಂದೆವು.

ಭಾವ ಊರಿನಿಂದ ಎರಡು ಸೇರು ಕುಚ್ಚಲಕ್ಕಿ ಕಟ್ಟಿಕೊಂಡು ಬಂದಿದ್ದರು. ಗಂಜಿಯಿಲ್ಲದೆ ಅವರಿಗೆ ರಾತ್ರಿ ನಿದ್ದೆ ಬಾರದು. ವಸತಿಯ ಅಡಿಗೆಯವನನ್ನು ಒಪ್ಪಿಸಿ ಒಂದು ಪಾವು ಬೇಯಲಿಟ್ಟೆವು. ಒಂದೂವರೆ ಗಂಟೆ ಕುದಿದರೂ ಅಕ್ಕಿ ಅಕ್ಕಿಯಾಗಿಯೇ ಉಳಿಯಿತು. ನಾವೆಲ್ಲ ನಕ್ಕೆವು. ಆ ಪಾತ್ರೆಯ ಮುಂದೆ ಕುಳಿತು ನಾನು ನಗುವುದರ ಬದಲು ಸ್ವಲ್ಪ ಯೋಚಿಸಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು.

ನೀರು ನೂರು ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದಲ್ಲಿ ಎಂದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ಕೇದಾರ ಸಮುದ್ರಮಟ್ಟದಿಂದ 3583 ಮೀಟರ್, ಅಂದರೆ ಹನ್ನೊಂದು ಸಾವಿರದ ಏಳುನೂರಕ್ಕೂ ಹೆಚ್ಚು ಅಡಿ ಎತ್ತರದಲ್ಲಿದೆ. ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದುಬಿಡುತ್ತದೆ. ಕಾರಣ, ಮೇಲಿನಿಂದ ಒತ್ತುವ ಗಾಳಿಯ ಭಾರ ಕಡಿಮೆ. ನಮ್ಮ ಮಂಗಳೂರಿನ ಕಡಲ ದಂಡೆಯಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರ್. ಕೇದಾರದಲ್ಲಿ ಸುಮಾರು 490. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ನೂರಕ್ಕೆ ಇಪ್ಪತ್ತೊಂದೇ. ಆದರೆ ಗಾಳಿಯೇ ತೆಳುವಾದಾಗ ಒಂದೊಂದು ಉಸಿರಿನಲ್ಲಿಯೂ ಒಳಗೆ ಹೋಗುವ ಆಮ್ಲಜನಕ ಊರಿನಲ್ಲಿ ಸಿಗುತ್ತಿದ್ದುದರ ಮೂರರಲ್ಲಿ ಎರಡು ಪಾಲಿಗೆ ಇಳಿದಿರುತ್ತದೆ. 5500 ಮೀಟರಿಗೆ ಹೋದರೆ ಅರ್ಧ. ಎವರೆಸ್ಟಿನ ತುದಿಯಲ್ಲಿ ಮೂರನೆಯ ಒಂದು. ಅಕ್ಕಿ ಬೇಯದ ಗಾಳಿಯಲ್ಲಿ ಮನುಷ್ಯನ ರಕ್ತವೂ ಬಡವಾಗಿರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ.

ಆ ಸಂಜೆ ಭಾವನಿಗೆ ತಲೆನೋವು. "ಬಿಸಿಲಿಗೆ ಪಿತ್ತ ಕೆದರಿದೆ" ಎಂದು ನಾನೇ ನಿದಾನ ಮಾಡಿ ಶುಂಠಿ ಕಷಾಯ ಮಾಡಿಸಿ ಕೊಟ್ಟೆ. ಊಟ ಬೇಡವೆಂದರು, ಗಂಜಿ ಸಿಗದ ಬೇಸರವೆಂದುಕೊಂಡೆವು. ಕುಡಿದ ಕಷಾಯ ವಾಂತಿಯಾಯಿತು. ರಾತ್ರಿಯೆಲ್ಲ ಎದ್ದು ಕುಳಿತೇ ಇದ್ದರು. ನಾಲ್ಕು ಗಂಟೆಗೆ ದರ್ಶನಕ್ಕೆಂದು ಎಬ್ಬಿಸಿದರೆ, ಸ್ವೆಟರಿನ ತೋಳಿಗೆ ಕೈ ತೂರಿಸಲು ತಿಳಿಯದೆ ಅದನ್ನು ಹಿಡಿದುಕೊಂಡು ತಿರುತಿರುಗಿ ನೋಡುತ್ತಿದ್ದಾರೆ. ಎದ್ದು ನಿಂತರೆ ಕಾಲು ಅತ್ತಿತ್ತ. ಜನ್ಮದಲ್ಲಿ ಕಳ್ಳು ಮುಟ್ಟದ ಮನುಷ್ಯ ಕುಡಿದವರಂತೆ ತೂರಾಡುವುದನ್ನು ಕಂಡಾಗ ನನ್ನ ಪಾಂಡಿತ್ಯವೆಲ್ಲ ಇಳಿದುಹೋಯಿತು.

ಹತ್ತಿರದಲ್ಲಿಯೇ ಯಾತ್ರಿಕರ ಚಿಕಿತ್ಸಾಕೇಂದ್ರವಿತ್ತು. ಅಲ್ಲಿದ್ದ ವೈದ್ಯರು ನನ್ನ ಮಗನ ಪ್ರಾಯದ ತರುಣ. ನೆಲದ ಮೇಲೆ ಒಂದು ಗೆರೆ ತೋರಿಸಿ, ಒಂದು ಹಿಮ್ಮಡಿಯನ್ನು ಇನ್ನೊಂದು ಪಾದದ ತುದಿಗೆ ತಾಗಿಸುತ್ತ ನಡೆಯಲು ಹೇಳಿದರು. ಭಾವ ಮೂರನೆಯ ಹೆಜ್ಜೆಗೆ ಗೋಡೆ ಹಿಡಿದರು. ವೈದ್ಯರು ಆಮ್ಲಜನಕದ ಕೊಳವೆ ಹಚ್ಚಿ, ಒಂದು ಸೂಜಿಮದ್ದು ಕೊಟ್ಟು, ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದ್ದು ಇಷ್ಟು: ಮೆದುಳಿಗೆ ನೀರು ಸೇರುತ್ತಿದೆ, ಈಗಲೇ ಕೆಳಗೆ ಇಳಿಸಿ, ಬೆಳಕಾಗುವುದನ್ನು ಕಾಯಬೇಡಿ.

ಭಾವ ಒಪ್ಪಬೇಕಲ್ಲ! "ಇಷ್ಟು ದೂರ ಬಂದು ದೇವರ ಮುಖ ನೋಡದೆ ಇಳಿಯುವುದೆ? ಸತ್ತರೆ ಇಲ್ಲಿಯೇ ಸಾಯುತ್ತೇನೆ ಭಾವಾ, ನೀವು ಸುಮ್ಮನಿರಿ" ಎಂದರು. ಮಾತು ತೊದಲುತ್ತಿತ್ತು. ಗುಡಿಯ ಗಂಟೆ ಕೇಳುವಷ್ಟು ಹತ್ತಿರದಲ್ಲಿದ್ದೇವೆ. ಒಮ್ಮೆ ಎತ್ತಿಕೊಂಡು ಹೋಗಿ ತೋರಿಸಿ ಬರೋಣವೆಂದು ನಮ್ಮವರಲ್ಲಿ ಇಬ್ಬರು ಹೇಳಿದರು. ಸಾಲಿನಲ್ಲಿ ಮೂರು ಗಂಟೆಯಾದರೂ ಆದೀತು. ನನಗೆ ಅಕ್ಕನ ಚಾವಡಿಯ ಮೂಲೆ ನೆನಪಾಯಿತು. ನಾಲ್ವರು ಹೊರುವ ದಂಡಿಯೊಂದನ್ನು ಗೊತ್ತುಮಾಡಿ, ಅವರನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿ, ನಾನೂ ಜೊತೆಗೆ ಇಳಿದುಬಿಟ್ಟೆ. ದಾರಿಯುದ್ದಕ್ಕೂ ಬೈದರು. ಮಂದಾಕಿನಿಯನ್ನು ದಾಟುವ ಹೊತ್ತಿಗೆ ಬೈಗುಳ ಸ್ಪಷ್ಟವಾಗತೊಡಗಿತು. ಬೈಗುಳ ಸ್ಪಷ್ಟವಾದುದಕ್ಕೆ ಅಷ್ಟೊಂದು ಸಂತೋಷಪಟ್ಟವರು ಬೇರೆ ಯಾರೂ ಇರಲಾರರು. ಗೌರೀಕುಂಡದಲ್ಲಿ ದಂಡಿಯಿಂದ ತಾವೇ ಇಳಿದು, "ಆ ಅಕ್ಕಿಯ ಗಂಟು ಎಲ್ಲಿ? ಇಲ್ಲಾದರೂ ಬೇಯುತ್ತದೋ ನೋಡಿ" ಎಂದರು.

ಊರಿಗೆ ಮರಳಿದ ಮೇಲೆ ಈ ವಿಷಯವಾಗಿ ನಾನು ಓದತೊಡಗಿದೆ, ವೈದ್ಯಮಿತ್ರರನ್ನು ಕೇಳಿದೆ. ತಿಳಿದ ಮೊದಲ ಸಂಗತಿಯೇ ನನ್ನನ್ನು ಬೆರಗುಗೊಳಿಸಿತು. ಪರ್ವತದ ಕಾಯಿಲೆ ಬಲಿಷ್ಠನನ್ನು ಬಿಟ್ಟು ದುರ್ಬಲನನ್ನು ಹಿಡಿಯುವುದಿಲ್ಲ. ಗಟ್ಟಿಗನು ವೇಗವಾಗಿ ಏರಬಲ್ಲನು; ವೇಗವಾಗಿ ಏರಬಲ್ಲನಾದ್ದರಿಂದಲೇ ಅವನು ಅದರ ಬಾಯಿಗೆ ಬೀಳುತ್ತಾನೆ. 1962 ರ ಯುದ್ಧಕಾಲದಲ್ಲಿಯೂ ಅನಂತರವೂ ನಮ್ಮ ಸೈನಿಕರನ್ನು ಬಯಲು ಸೀಮೆಯಿಂದ ಹಿಮಾಲಯದ ಗಡಿಗೆ ಅವಸರವಸರವಾಗಿ ಏರಿಸಬೇಕಾಯಿತು. ಸೇನೆಯ ವೈದ್ಯರಾದ ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು ಸಾವಿರದ ಒಂಬೈನೂರಕ್ಕೂ ಹೆಚ್ಚು ಸೈನಿಕರಲ್ಲಿ ಕಂಡ ಲಕ್ಷಣಗಳನ್ನು 1969 ರಲ್ಲಿ ಪ್ರಕಟಿಸಿದರು. ಇಂದಿಗೂ ಈ ಶಾಸ್ತ್ರದ ಓದಿನಲ್ಲಿ ಆ ಲೇಖನಕ್ಕೆ ಸ್ಥಾನವಿದೆ. ಅವರೆಲ್ಲ ಆಯ್ದು ತೆಗೆದ, ತರಬೇತಿಗೊಂಡ ಯುವಕರು ಎಂಬುದನ್ನು ಮರೆಯಬಾರದು.

ಇನ್ನೂ ಹಿಂದಿನ ಕಥೆಯೊಂದಿದೆ. 1875 ರಲ್ಲಿ ಫ್ರಾನ್ಸಿನಲ್ಲಿ ಮೂವರು ವಿಜ್ಞಾನಪ್ರಿಯರು ಜೆನಿತ್ ಎಂಬ ಬಲೂನಿನಲ್ಲಿ ಎಂಟು ಸಾವಿರ ಮೀಟರಿಗೂ ಮೇಲೆ ಏರಿದರು. ಅವರ ಬಳಿ ಆಮ್ಲಜನಕದ ಚೀಲಗಳಿದ್ದುವು. ಆದರೆ ಚೀಲದ ಕೊಳವೆಯನ್ನು ಬಾಯಿಗೆ ತೆಗೆದುಕೊಳ್ಳಬೇಕೆಂಬ ಹೊತ್ತಿಗೆ ಕೈ ಏಳದಂತಾಗಿತ್ತು. ಕೆಳಗೆ ಬಂದಾಗ ಬದುಕಿ ಉಳಿದವರು ತಿಸ್ಸಾಂದಿಯೇ ಒಬ್ಬರೇ. 1978 ರಲ್ಲಿ ಮೆಸ್ನರ್ ಮತ್ತು ಹಾಬೆಲರ್ ಎಂಬಿಬ್ಬರು ಅದಕ್ಕಿಂತಲೂ ಎತ್ತರದ ಎವರೆಸ್ಟನ್ನು ಆಮ್ಲಜನಕದ ಸಿಲಿಂಡರ್ ಇಲ್ಲದೆಯೇ ಏರಿ ಇಳಿದರು. ಬಲೂನಿನವರು ಏರಿದ್ದು ಕೆಲವು ಗಂಟೆಗಳಲ್ಲಿ. ಇವರು ವಾರಗಟ್ಟಲೆ ಬೆಟ್ಟದ ಮಗ್ಗುಲಲ್ಲಿಯೇ ಏರುತ್ತ ಇಳಿಯುತ್ತ ಒಗ್ಗಿಸಿಕೊಂಡವರು. ಇವರಿಬ್ಬರು ಅಸಾಮಾನ್ಯರೆಂಬುದು ನಿಜ. ಆದರೂ ಅವರಿಗೂ ಇವರಿಗೂ ನಡುವಿನ ಮುಖ್ಯ ಅಂತರ ಆ ವಾರಗಳು.

ಒಗ್ಗುವಾಗ ದೇಹದೊಳಗೆ ನಡೆಯುವುದೇನು? ಎತ್ತರಕ್ಕೆ ಹೋದ ಕೂಡಲೇ ಉಸಿರು ತಾನಾಗಿ ಆಳವೂ ಬಿರುಸೂ ಆಗುತ್ತದೆ. ಹೀಗೆ ಹೆಚ್ಚು ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ; ಅದು ಉಸಿರಿಗೆ ಲಗಾಮು ಹಾಕುತ್ತದೆ. ಆ ಕ್ಷಾರವನ್ನು ಮೂತ್ರದ ಮೂಲಕ ಹೊರಹಾಕಿ ಲಗಾಮು ಸಡಿಲಿಸುವ ಕೆಲಸ ಮೂತ್ರಪಿಂಡಗಳದು. ಇದಕ್ಕೆ ಎರಡು ಮೂರು ದಿನಗಳಾದರೂ ಬೇಕು. ಎತ್ತರದಲ್ಲಿ ಮೂತ್ರ ಹೆಚ್ಚಾಗಿ ಹೋಗುವುದು ಇದಕ್ಕಾಗಿಯೇ. ಅದನ್ನು ತಡೆಯಲೆಂದು ನೀರು ಕುಡಿಯದೆ ಇರುವುದು ದೊಡ್ಡ ತಪ್ಪು. ಕೆಂಪು ರಕ್ತಕಣಗಳನ್ನು ಹೆಚ್ಚಿಸಬೇಕೆಂಬ ಆಜ್ಞೆ ಕೆಲವೇ ಗಂಟೆಗಳಲ್ಲಿ ಹೊರಟರೂ ಅವು ಸಾಕಷ್ಟು ಬೆಳೆಯಲು ವಾರಗಳು ಬೇಕು. ಮಾಡುವುದೆಲ್ಲವನ್ನೂ ದೇಹ ತಾನೇ ಮಾಡಿಕೊಳ್ಳುತ್ತದೆ. ಅದು ನಮ್ಮಲ್ಲಿ ಕೇಳುವುದು ಕಾಲಾವಕಾಶವನ್ನು ಮಾತ್ರ.

ಹಾಗಾದರೆ ಊರಿನಲ್ಲಿಯೇ ಒಗ್ಗಿಸಿಕೊಂಡು ಹೋಗಬಹುದೆ ಎಂದು ನೀವು ಕೇಳಬಹುದು. ಆಗದು. ಪರ್ವತದ ಕಾಯಿಲೆ ತಲೆದೋರುವುದು ಸಾಮಾನ್ಯವಾಗಿ 2500 ಮೀಟರಿನ ಮೇಲೆ. ಕರ್ನಾಟಕದಲ್ಲಿಯೇ ಅತ್ಯಂತ ಎತ್ತರವಾದ ಮುಳ್ಳಯ್ಯನಗಿರಿ 1930 ಮೀಟರ್. ನಮ್ಮ ಕುದುರೆಮುಖ 1894. ಗಾಳಿಗೆ ಒಗ್ಗುವ ಪಾಠ ಇಲ್ಲಿ ಸಿಗುವುದಿಲ್ಲ. ಆದರೆ ಕಾಲು, ಎದೆ, ಮಂಡಿಗಳ ಪಾಠಕ್ಕೆ ನಮ್ಮ ಘಟ್ಟಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಒಂದು ಲೆಕ್ಕ ನೋಡಿ. ಗೌರೀಕುಂಡದಿಂದ ಕೇದಾರಕ್ಕೆ ಏರುವ ಎತ್ತರ ಸುಮಾರು ಸಾವಿರದ ಆರುನೂರು ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ 1712 ಮೀಟರ್ ಎತ್ತರದ ಕುಮಾರ ಪರ್ವತದ ತುದಿಗೂ ಏರು ಹೆಚ್ಚುಕಡಿಮೆ ಅಷ್ಟೇ! ದಾರಿಯೂ ಕಡಿದು. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಉಂಡು ಮೇಲೆ ಹೋಗಿ ಬಂದವರು ಕೇದಾರದ ಏರನ್ನು ತಮ್ಮ ಕಾಲಿನಲ್ಲಿ ಒಮ್ಮೆ ಅಳೆದಂತೆಯೇ ಸರಿ. ಉಳಿಯುವುದು ಗಾಳಿಯ ಲೆಕ್ಕ.

ನಾಲ್ಕು ವರ್ಷಗಳ ಬಳಿಕ, 2023 ರ ದಸರಾ ರಜೆಯಲ್ಲಿ ಮತ್ತೊಮ್ಮೆ ಹೋಗುವುದೆಂದು ನಿಶ್ಚಯವಾದಾಗ ನಾವು ವರ್ಷದ ಮೊದಲಿನಿಂದಲೇ ಸಿದ್ಧತೆಗೆ ತೊಡಗಿದೆವು. ಮೊಟ್ಟಮೊದಲು ವೈದ್ಯರ ಬಳಿಗೆ. ಇದು ಔಪಚಾರಿಕವಾದ ಕೆಲಸವಲ್ಲ. ಅಮರನಾಥ ಯಾತ್ರೆಗೆ ವೈದ್ಯರ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ. 2020 ರಿಂದ ಐದು ವರ್ಷ ನಿಂತಿದ್ದು 2025 ರಲ್ಲಿ ಮತ್ತೆ ಆರಂಭವಾದ ಕೈಲಾಸ ಮಾನಸಸರೋವರ ಯಾತ್ರೆಗಂತೂ ದೆಹಲಿಯಲ್ಲಿ ತಪಾಸಣೆಯಾಗಿ, ಮೇಲೆ ಹೋದಾಗ ಇನ್ನೊಮ್ಮೆ ತಪಾಸಣೆಯಾಗುತ್ತದೆ. ಸರೋವರವೇ ನಾಲ್ಕೂವರೆ ಸಾವಿರ ಮೀಟರಿನ ಮೇಲಿದೆಯಲ್ಲವೆ? ಕೇದಾರಕ್ಕೆ ಯಾರೂ ಹಾಗೆ ಕಟ್ಟುನಿಟ್ಟಾಗಿ ತಡೆಯಲಾರರೆಂದು ನಾವೇ ನಮ್ಮನ್ನು ಮೋಸಗೊಳಿಸಿಕೊಳ್ಳಬಾರದು. ನಮ್ಮ ತಂಡದ ಒಬ್ಬ ತಾಯಿಗೆ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿತ್ತು. ಆಮ್ಲಜನಕವನ್ನು ಹೊರುವ ಬಂಡಿಗಳೇ ಕಡಿಮೆಯಿರುವಾಗ ತೆಳುಗಾಳಿಯಲ್ಲಿ ಏನು ಗತಿ? ಕಬ್ಬಿಣಾಂಶದ ಮಾತ್ರೆಯಿಂದ ಮೂರು ತಿಂಗಳಲ್ಲಿ ಸರಿಹೋಗಿ ಅವರು ನಮ್ಮೊಂದಿಗೆ ಬಂದರು. ಹೃದಯದ ತೊಂದರೆಯಿದ್ದ ಇನ್ನೊಬ್ಬ ಹಿರಿಯರಿಗೆ ವೈದ್ಯರು ಬೇಡವೆಂದರು. ಅವರನ್ನು ಒಪ್ಪಿಸಲು ನಾನು ಮೂರು ಸಂಜೆ ಅವರ ಜಗಲಿಯಲ್ಲಿ ಕುಳಿತೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಮದ್ದು ತೆಗೆದುಕೊಳ್ಳುವವರು ಆ ಮದ್ದುಗಳ ವಿಷಯವನ್ನೂ ಕೇಳಿಕೊಳ್ಳಬೇಕು.

ಅನಂತರ ನಡಿಗೆ. ಅಮರನಾಥದ ಯಾತ್ರಿಕರು ಕೊನೆಯಪಕ್ಷ ಒಂದು ತಿಂಗಳು ಮುಂಚಿನಿಂದ ದಿನವೂ ನಾಲ್ಕೈದು ಕಿಲೋಮೀಟರ್ ನಡೆಯಬೇಕೆಂದು ಅಲ್ಲಿಯ ದೇವಸ್ಥಾನ ಮಂಡಳಿ ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಒಂದು ತಿಂಗಳು ಸಾಲದು; ಮೂರು ತಿಂಗಳು ಇರಲಿ. ಪೇಟೆಯಲ್ಲಿ ಸಮತಟ್ಟು ರಸ್ತೆಯ ಮೇಲೆ ನಡೆದು "ದಿನಾ ಹತ್ತು ಸಾವಿರ ಹೆಜ್ಜೆ" ಎಂದು ಕೈಗಡಿಯಾರ ತೋರಿಸುವವರನ್ನು ಬೆಟ್ಟ ಲೆಕ್ಕಕ್ಕಿಡುವುದಿಲ್ಲ. ಏರಬೇಕು. ನಮ್ಮ ಮನೆಯ ಹಿಂದೆ ಅರುವತ್ತು ಮೀಟರಿನಷ್ಟು ಎತ್ತರದ ಒಂದು ಮುರಕಲ್ಲಿನ ಗುಡ್ಡೆಯಿದೆ. ಕೇದಾರದ ಏರೆಂದರೆ ಈ ಗುಡ್ಡೆಯನ್ನು ಇಪ್ಪತ್ತೇಳು ಸಲ ಹತ್ತಿದಂತೆ. ಮೊದಲ ವಾರ ಬೆಳಿಗ್ಗೆ ಮೂರು ಸಲ ಹತ್ತಿ ಇಳಿದೆವು, ವಾರಕ್ಕೆ ನಾಲ್ಕು ದಿನ. ಪ್ರತಿ ವಾರ ಒಂದೊಂದು ಏರಿಸಿದೆವು. ಆರನೆಯ ವಾರದಿಂದ ಬೆನ್ನ ಚೀಲದಲ್ಲಿ ಐದು ಸೇರಿನಷ್ಟು ಅಕ್ಕಿ. ಭಾನುವಾರ ಮಾತ್ರ ದೀರ್ಘ ನಡಿಗೆ, ನಾಲ್ಕೈದು ಗಂಟೆ ಎಲ್ಲಿಯೂ ಕೂರದೆ. ಎಷ್ಟು ವೇಗ ಎಂದರೆ, ಏರುವಾಗ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯ ಮಾತಾಡಲು ಸಾಧ್ಯವಾಗಬೇಕು. ವಾಕ್ಯ ಅರ್ಧದಲ್ಲಿ ತುಂಡಾದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಕರ್ತೃ ಕರ್ಮ ಕ್ರಿಯಾಪದಗಳನ್ನು ಹೀಗೆ ಬೆಟ್ಟದ ಮೇಲೆ ಪರೀಕ್ಷಿಸಬಹುದೆಂದು ನನಗೆ ಮೊದಲು ಗೊತ್ತಿರಲಿಲ್ಲ.

ಮಳೆಗಾಲದಲ್ಲಿ ಈ ವ್ರತ ನಡೆಸುವುದು ಸುಲಭವಲ್ಲ. ಮುರಕಲ್ಲು ಪಾಚಿಗಟ್ಟಿ ಜಾರುತ್ತದೆ; ಉಂಬಳದ ಕಾಟ. ಮಳೆ ಹೊಯ್ಯುವ ದಿನ ಶಾಲೆಯ ಮಹಡಿ ಮೆಟ್ಟಿಲುಗಳನ್ನೇ ಹತ್ತಿ ಇಳಿದೆವು. ಹುಡುಗರು ಕಿಟಕಿಯಿಂದ ನೋಡಿ ನಕ್ಕರು. ಮೂರನೆಯ ವಾರದಿಂದ ಕೆಲವರು ಜೊತೆಗೆ ಸೇರಿಕೊಂಡರು.

ಇಳಿಯುವುದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಸಂಗೀತದವರು ಆರೋಹಣ ಹೇಳಿಕೊಟ್ಟ ದಿನವೇ ಅವರೋಹಣವನ್ನೂ ಹೇಳಿಕೊಡುತ್ತಾರೆ. ಬೆಟ್ಟಕ್ಕೆ ಹೋಗುವವರಿಗೆ ಮಾತ್ರ ಆರೋಹಣದ ಚಿಂತೆಯೊಂದೇ. ಏರುವಾಗ ಬೇಡುವುದು ಉಸಿರನ್ನು, ಇಳಿಯುವಾಗ ಬೇಡುವುದು ತೊಡೆ ಮಂಡಿಗಳನ್ನು. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗಬೇಕು. ಅಭ್ಯಾಸವಿಲ್ಲದ ಸ್ನಾಯು ಇದರಿಂದ ಒಳಗೊಳಗೇ ಹರಿದು ಮರುದಿನ ಕಲ್ಲಾಗುತ್ತದೆ. ಗುಡ್ಡೆಯಿಂದ ಓಡಿ ಇಳಿಯದೆ, ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆಯಿಟ್ಟು ಇಳಿಯುವುದನ್ನು ರೂಢಿಸಿಕೊಳ್ಳಬೇಕು. ಕೈಯಲ್ಲಿ ಒಂದು ಕೋಲು ಇರಲಿ. ಹೊಸ ಬೂಟನ್ನು ಯಾತ್ರೆಯ ದಿನ ಉದ್ಘಾಟಿಸುವ ಹುಚ್ಚು ಬೇಡ. ಒಂದು ತಿಂಗಳಾದರೂ ಹಾಕಿ ನಡೆದು ಕಾಲಿಗೆ ಅದು, ಅದಕ್ಕೆ ಕಾಲು ಒಗ್ಗಲಿ. ಬೆರಳಿನ ಉಗುರು ಕತ್ತರಿಸಿರಲಿ, ಇಲ್ಲವಾದರೆ ಇಳಿಜಾರಿನಲ್ಲಿ ಉಗುರೇ ಹೋದೀತು.

ಪ್ರಾಣಾಯಾಮ ಮಾಡಿದರೆ ಸಾಕಲ್ಲವೆ ಎಂದು ಬಹಳ ಮಂದಿ ಕೇಳಿದ್ದಾರೆ. ದಿನವೂ ನಿಧಾನವಾಗಿ ಆಳವಾಗಿ ಉಸಿರಾಡುವ ಅಭ್ಯಾಸ ಒಳ್ಳೆಯದೇ. ಗಾಬರಿಯಾದಾಗ ಮನಸ್ಸನ್ನು ನಿಲ್ಲಿಸಲು ಅದರಿಂದ ಬಹಳ ನೆರವಾಗುತ್ತದೆ. ಆದರೆ ಅದು ಒಗ್ಗುವುದಕ್ಕೆ ಬದಲಿಯಾಗಲಾರದು. ಮೇಲೆ ಹೋದ ಮೇಲೆ ಉಸಿರು ಬಿಗಿಹಿಡಿಯುವ ಕುಂಭಕದ ಸಾಹಸ ಬೇಡವೇ ಬೇಡ.

ಆಹಾರದ ವಿಷಯದಲ್ಲಿ ಅನ್ನ ಉಣ್ಣುವವರಿಗೆ ಒಂದು ಸಮಾಧಾನ. ಒಂದೇ ಪ್ರಮಾಣದ ಆಮ್ಲಜನಕದಿಂದ ಪಿಷ್ಟದ ಆಹಾರ ಕೊಬ್ಬಿಗಿಂತ ಸ್ವಲ್ಪ ಹೆಚ್ಚು ಶಕ್ತಿ ಕೊಡುತ್ತದೆ. ಎತ್ತರದಲ್ಲಿ ಹಸಿವು ಕಡಿಮೆಯಾಗುವುದರಿಂದ ಸ್ವಲ್ಪ ಸ್ವಲ್ಪವಾಗಿ ಆಗಾಗ ತಿನ್ನಬೇಕು. ಬೆಲ್ಲ, ಅವಲಕ್ಕಿ, ಒಣದ್ರಾಕ್ಷಿ ಚೀಲದಲ್ಲಿರಲಿ. ಕುಚ್ಚಲಕ್ಕಿ ಮನೆಯಲ್ಲಿಯೇ ಇರಲಿ. ಮದ್ಯ ಮತ್ತು ನಿದ್ದೆಯ ಗುಳಿಗೆ ಉಸಿರನ್ನು ಮಂದಗೊಳಿಸುವುದರಿಂದ ಅಲ್ಲಿ ವಿಷಕ್ಕೆ ಸಮಾನ.

ಕರಾವಳಿಯವರಾದ ನಮಗೆ ಇನ್ನೊಂದು ಅಪಾಯವಿದೆ, ಅದನ್ನು ನಾವು ಅಪಾಯವೆಂದು ಎಣಿಸುವುದೇ ಇಲ್ಲ. ನಾವು ಮಳೆಯಲ್ಲಿ ಹುಟ್ಟಿ ಮಳೆಯಲ್ಲಿ ಬೆಳೆದವರು. ಬೈರಾಸು ತಲೆಗೆ ಸುತ್ತಿಕೊಂಡು ದಿನವಿಡೀ ನೆನೆದರೂ ಸಂಜೆ ಬಚ್ಚಲ ಬಿಸಿನೀರಿನಲ್ಲಿ ಎಲ್ಲ ತೀರುತ್ತದೆ. ಆದರೆ ನಮ್ಮದು ಬೆಚ್ಚಗಿನ ಮಳೆ. ಸಾವಿರ ಮೀಟರ್ ಏರಿದಂತೆ ಉಷ್ಣತೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಅದರ ಮೇಲೆ ಗಾಳಿ. ಬೆವರಿನಲ್ಲಿಯೋ ಮಳೆಯಲ್ಲಿಯೋ ಒದ್ದೆಯಾದ ಹತ್ತಿಯ ಅಂಗಿ ಮೈಯ ಬಿಸಿಯನ್ನು ಹೀರಿಬಿಡುತ್ತದೆ. 2024 ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ತ್ರತಾಲಕ್ಕೆ ಹೋಗಿದ್ದ ಕರ್ನಾಟಕದ ಚಾರಣಿಗರ ತಂಡ ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿ, ಅವರಲ್ಲಿ ಒಂಬತ್ತು ಮಂದಿ ಪ್ರಾಣಬಿಟ್ಟರು. ಅನುಭವವಿದ್ದವರೂ ಅವರಲ್ಲಿದ್ದರು. ಬೆಂಗಳೂರಿನ ಮನೆಗಳಿಗೆ ಆ ಸುದ್ದಿ ಬಂದ ದಿನ ನಾನು ನಮ್ಮ ಗುಡ್ಡೆಯ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಮೈಗೆ ತಾಗಿ ಉಣ್ಣೆಯ ಅಥವಾ ಬೇಗ ಒಣಗುವ ನೂಲಿನ ಬಟ್ಟೆ, ಮೇಲೆ ಗಾಳಿಮಳೆ ತಡೆಯುವ ಕೋಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ಜೊತೆ ಒಣಬಟ್ಟೆ, ಕಿವಿ ಮುಚ್ಚುವ ಟೊಪ್ಪಿಗೆ, ಇವು ಭಾರವೆನಿಸಿದರೂ ಬಿಡಬಾರದು. ಹವಾಮಾನ ಕೆಟ್ಟಿತೆಂದು ಕೇಳಿದರೆ ಹೊರಡಲೂಬಾರದು.

ಇನ್ನು ಮೇಲೆ ಹೋದಾಗಿನ ನಡತೆ. 3000 ಮೀಟರ್ ದಾಟಿದ ಮೇಲೆ ಇಂದು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ ಐನೂರು ಮೀಟರಿಗಿಂತ ಹೆಚ್ಚು ಎತ್ತರವಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲಿಯೇ ವಿಶ್ರಾಂತಿ, ಇದು ಬಲ್ಲವರು ಹಾಕಿಕೊಟ್ಟ ಕಟ್ಟಳೆ. ಹಗಲಿನಲ್ಲಿ ಎಷ್ಟು ಏರಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ಎತ್ತರದಲ್ಲಿ ತಲೆನೋವು ಬಂದರೆ ಬೇರೆ ಕಾರಣ ಖಚಿತವಾಗುವವರೆಗೆ ಅದು ಪರ್ವತದ ಕಾಯಿಲೆಯೇ ಎಂದು ತಿಳಿಯಬೇಕು. ಪಿತ್ತವೆಂದು ಕಷಾಯ ಕುಡಿಸುವ ಪಂಡಿತರನ್ನು ನಂಬಬಾರದು. ತಲೆನೋವಿನ ಜೊತೆ ಓಕರಿಕೆ, ಅರುಚಿ, ಸುಸ್ತು ಇದ್ದರೆ ಅಲ್ಲಿಂದ ಮೇಲಕ್ಕೆ ಒಂದು ಹೆಜ್ಜೆಯೂ ಇಡಬಾರದು. ಗೆರೆಯ ಮೇಲೆ ನಡೆಯಲಾಗದಿದ್ದರೆ, ಮಾತು ತಪ್ಪಿದರೆ, ಅಥವಾ ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ಕೆಮ್ಮಿದರೆ ಕೆಂಪು ಬೆರೆತ ನೊರೆ ಕಂಡರೆ, ರಾತ್ರಿಯೋ ಹಗಲೋ ನೋಡದೆ ಇಳಿಸಬೇಕು. ರೋಗಿಯ ಒಪ್ಪಿಗೆಗೆ ಕಾಯಬೇಡಿ. ಕಾಯಿಲೆ ಹಿಡಿದಿರುವುದು ಒಪ್ಪಿಗೆ ಕೊಡುವ ಮೆದುಳನ್ನೇ. ಮುಂಜಾಗ್ರತೆಗೆ ಅಸಿಟಜೋಲಮೈಡ್ ಎಂಬ ಮಾತ್ರೆಯಿದೆ. ಮೂತ್ರಪಿಂಡದ ಆ ಕ್ಷಾರ ಹೊರಹಾಕುವ ಕೆಲಸವನ್ನೇ ಅದು ಬೇಗಗೊಳಿಸುತ್ತದೆ. ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು, ಕೆಲವರಿಗೆ ಆಗಿಬರುವುದಿಲ್ಲ. ಮಲಗಿದಾಗ ಉಸಿರು ಕೆಲವು ಕ್ಷಣ ನಿಂತು ಮತ್ತೆ ಬಿರುಸಾಗಿ ಹೊರಡುವುದುಂಟು. ಪಕ್ಕದಲ್ಲಿ ಮಲಗಿದವರಿಗೆ ಎದೆ ಝಲ್ಲೆನ್ನುತ್ತದೆ. ಬೇರೆ ತೊಂದರೆಯಿಲ್ಲದಿದ್ದರೆ ಅದು ಎತ್ತರದ ಸಹಜ ಲಕ್ಷಣ. ಹೆಲಿಕಾಪ್ಟರಿನಲ್ಲಿ ಹೋಗುವವರು ತಾವು ನಡೆಯುವುದಿಲ್ಲವಾದ್ದರಿಂದ ಇದೊಂದೂ ತಮಗಲ್ಲ ಎನ್ನುತ್ತಾರೆ. ಜೆನಿತ್ ಬಲೂನಿನ ಕಥೆ ಅವರಿಗಾಗಿಯೇ ಹೇಳಿದ್ದು.

ನಮ್ಮ ಪುರಾಣದವರು ಇದನ್ನು ಕಾಣದೆ ಇರಲಿಲ್ಲ. ಅರಣ್ಯಪರ್ವದಲ್ಲಿ ಗಂಧಮಾದನವನ್ನು ಏರುವಾಗ ದ್ರೌಪದಿ ಬಳಲಿ ಕುಸಿದು ಬೀಳುತ್ತಾಳೆ; ಘಟೋತ್ಕಚನನ್ನು ಕರೆಸಿ ಹೊರಿಸಬೇಕಾಗುತ್ತದೆ. ನಮ್ಮ ಭಾವನಿಗೆ ಇಳಿಯುವಾಗ ನಾಲ್ವರು ಘಟೋತ್ಕಚರು ದೊರೆತರು. ಕೊನೆಯ ಮಹಾಪ್ರಸ್ಥಾನದಲ್ಲಂತೂ ಹಿಂದೆ ಬಿದ್ದವರನ್ನು ಧರ್ಮರಾಯ ತಿರುಗಿ ನೋಡಲೂ ಇಲ್ಲ. ಕುಮಾರವ್ಯಾಸ ಗದಾಪರ್ವಕ್ಕೇ ತನ್ನ ಕಾವ್ಯವನ್ನು ನಿಲ್ಲಿಸಿದ್ದರಿಂದ ಕನ್ನಡದಲ್ಲಿ ಅವನ ಬಾಯಿಂದ ಆ ಕಥೆಯನ್ನು ಕೇಳುವ ಭಾಗ್ಯ ನಮಗಿಲ್ಲ.

2023 ರಲ್ಲಿ ನಾವು ಗುಪ್ತಕಾಶಿಯಲ್ಲಿ ಒಂದು ರಾತ್ರಿ, ಗೌರೀಕುಂಡದಲ್ಲಿ ಎರಡು ರಾತ್ರಿ, ದಾರಿಯ ನಡುವೆ ಲಿಂಚೋಲಿಯಲ್ಲಿ ಒಂದು ರಾತ್ರಿ ತಂಗಿದೆವು. ಒಮ್ಮೆ ಕಾಯಿಲೆ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚೆಂದು ವೈದ್ಯರು ಭಾವನಿಗೆ ಆ ಮಾತ್ರೆಯನ್ನೂ ಬರೆದುಕೊಟ್ಟಿದ್ದರು. ಸಂಜೆ ಸಂಜೆ ನಾನು ಅವರನ್ನು ಗೆರೆಯ ಮೇಲೆ ನಡೆಸುತ್ತಿದ್ದೆ. "ಯಕ್ಷಗಾನದ ವೇಷದ ಹೆಜ್ಜೆ ಆಯಿತಲ್ಲ ಭಾವಾ ಇದು" ಎಂದು ಗೊಣಗುತ್ತ ನಡೆದರು. ತಲೆನೋವು ಬರಲಿಲ್ಲ. ಬೆಳಗಿನ ಜಾವದ ಸಾಲಿನಲ್ಲಿ ಎರಡೂವರೆ ಗಂಟೆ ನಿಂತು, ನಾಲ್ಕು ವರ್ಷ ಬಾಕಿಯಿದ್ದ ದರ್ಶನವನ್ನು ಮಾಡಿದರು. ಹೊರಗೆ ಬಂದವರು ಏನೂ ಮಾತಾಡದೆ ನಂದಿಯ ಬಳಿ ಬಿಸಿಲಿಗೆ ಕುಳಿತುಕೊಂಡರು.

ಬರುವ ವರ್ಷ ಅಮರನಾಥಕ್ಕೆ ಹೋಗುವವರ ಪಟ್ಟಿಯೊಂದು ಈಗ ನನ್ನ ಮೇಜಿನ ಮೇಲಿದೆ. ಒಂಬತ್ತು ಹೆಸರು. ಗುಡ್ಡೆಯ ನಡಿಗೆ ಶುರುವಾಗಿದೆ. ನಿನ್ನೆಗೆ ಐದು ಸಲ ಹತ್ತಿದೆವು. ಭಾವ ತಮ್ಮ ಹೆಸರನ್ನು ಒಂಬತ್ತನೆಯದಾಗಿ ಬರೆಸಿ, ನಡೆಯುವಾಗಲೂ ಅದೇ ಕ್ರಮವಿರಲೆಂದು ಹೇಳಿದ್ದಾರೆ.